ಮೈದುನನ ಒಪ್ಪಿಗೆ ಪತ್ರ

ನಾಲ್ಕನೇ ಕಿಟಕಿಯ ಗಾಜಿನಲ್ಲಿ ಅಂಗೈಯಗಲದ ಒಂದು ತೂತು ಇತ್ತು. ಒಳಗೆ ಕುರ್ಚಿಯಲ್ಲಿ ಕೂತವನ ಬಾಯಿಗೆ ಅದು ಸರಿಯಾಗಿತ್ತು. ಹೊರಗೆ ನಿಂತವರು ಮಾತಾಡಬೇಕಾದರೆ ಸೊಂಟ ಬಗ್ಗಿಸಬೇಕು. ಆ ಗಾಜು ಕೂರಿಸಿದವನಿಗೆ ಹೊರಗೆ ನಿಲ್ಲುವವರು ಯಾರೆಂದು ಚೆನ್ನಾಗಿ ಗೊತ್ತಿತ್ತು.

"ಜೋರಾಗಿ ಹೇಳಿ. ಕೇಳಲ್ಲ."

ಅವಳು ಬಗ್ಗಿದಳು. "ಮದುವೆಗೆ ಅಡ್ಡಿ ಇಲ್ಲ ಅನ್ನೋ ಸರ್ಟಿಫಿಕೇಟು ಬೇಕಿತ್ತು."

"ಯಾರ ಮದುವೆ? ಮಗಳದಾ?"

"ನನ್ನದು."

"ಜೋರಾಗಿ!"

"ನನ್ನ ಮದುವೆ!"

ಹಿಂದೆ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಗುಮಾಸ್ತ ಕನ್ನಡಕವನ್ನು ಹಣೆಗೆ ಏರಿಸಿ ಅವಳನ್ನು ತಲೆಯಿಂದ ಸೊಂಟದ ತನಕ ನೋಡಿದ. ಅದಕ್ಕಿಂತ ಕೆಳಗೆ ನೋಡಲು ಮೇಜು ಅಡ್ಡವಿತ್ತು, ಇಲ್ಲದಿದ್ದರೆ ನೋಡುತ್ತಿದ್ದ.

"ಎಷ್ಟು ವಯಸ್ಸಮ್ಮ ನಿಮಗೆ?"

"ಅರ್ಜಿಯಲ್ಲಿ ಬರೆದಿದೆ."

"ಬಾಯಲ್ಲಿ ಹೇಳಿ."

"ನಲವತ್ತಾರು."

ಪರದೇಶದಲ್ಲಿ ನಮ್ಮ ದೇಶದವರಿಗೆಂದೇ ಇದ್ದ ಕಚೇರಿ ಅದು. ಎಲ್ಲರೂ ಎಂಬೆಸಿ ಅನ್ನುತ್ತಿದ್ದರು. ಇಲ್ಲಿ ಮದುವೆ ನೋಂದಾಯಿಸಬೇಕಾದರೆ ನಿಮ್ಮ ದೇಶದವರೇ ಅಡ್ಡಿ ಇಲ್ಲ ಎಂದು ಒಂದು ಕಾಗದ ಕೊಡಬೇಕು. ಕೊಡಬೇಕಾದವನು ಈ ಗುಮಾಸ್ತ. ಕೂಲಿಯವರು ಅವನಿಗೆ ಸೀಲಪ್ಪ ಎಂದು ಹೆಸರಿಟ್ಟಿದ್ದರು. ಸೀಲಪ್ಪ ನಮ್ಮ ಭಾಷೆಯವನು ಎಂದು ಎಲ್ಲರೂ ಅವನ ಕಿಟಕಿಗೇ ನಿಲ್ಲುತ್ತಿದ್ದರು. ಅರ್ಥವಾಗುವ ಭಾಷೆಯಲ್ಲಿ ಬೈಸಿಕೊಳ್ಳುವುದೂ ಒಂದು ಸುಖವೇ.

ಅವಳಿಗಿಂತ ಮುಂದೆ ಸಾಲಿನಲ್ಲಿ ನಿಂತಿದ್ದವನು ಅವಳನ್ನು ಮದುವೆಯಾಗಲಿದ್ದ ಲಿಫ್ಟ್ ಮೆಕ್ಯಾನಿಕ್. ಅವನ ಹೆಂಡತಿಯೂ ತೀರಿಹೋಗಿ ಆರು ವರ್ಷವಾಗಿತ್ತು. ಅವನ ಕೈಯಲ್ಲಿದ್ದದ್ದು ಮೂರು ಕಾಗದ: ಪಾಸ್‌ಪೋರ್ಟು, ಹೆಂಡತಿಯ ಮರಣ ಪತ್ರ, ಸ್ವಂತ ಹೇಳಿಕೆ. ಸೀಲಪ್ಪ ಮೂರನ್ನೂ ಮಗುಚಿ ನೋಡಿ, "ಇಲ್ಲಿ ಸಹಿ ಹಾಕಿ ಸಾರ್" ಅಂದ. ಧಪ್ ಎಂದು ಸೀಲು ಬಿತ್ತು. "ಒಂಟಿ ಇರೋದು ಕಷ್ಟ ಬಿಡಿ ಸಾರ್. ಬೇಯಿಸಿ ಹಾಕೋಕೆ ಒಬ್ಬರು ಬೇಕಲ್ಲ" ಎಂದು ಹಾರೈಸಿಯೂ ಕಳಿಸಿದ. ಹತ್ತು ನಿಮಿಷವೂ ಹಿಡಿಯಲಿಲ್ಲ.

ಅವಳ ಕೈಯಲ್ಲಿದ್ದದ್ದೂ ಅವೇ ಮೂರು ಕಾಗದ.

ಸೀಲಪ್ಪ ಎದ್ದು ಹೋಗಿ ಸತ್ತವರ ಕಪಾಟಿನಿಂದ ಒಂದು ಫೈಲು ತಂದ. ನಾಲ್ಕು ವರ್ಷ ಹಳೆಯದು. ಹಾಳೆ ತಿರುವಿ ಬೆರಳಿಟ್ಟ.

"ನಿಮ್ಮ ಯಜಮಾನರ ಫೈಲಲ್ಲಿ ಹೆಂಡತಿ ಅನ್ನೋ ಕಾಲಂನಲ್ಲಿ ಅಡ್ಡಗೆರೆ ಇದೆ. ವಾರಸುದಾರ ಅಂತ ತಮ್ಮನ ಹೆಸರು, ತಮ್ಮನ ಸಹಿ. ನೀವು ಎಲ್ಲೂ ಇಲ್ಲವಲ್ಲಮ್ಮ."

"ಪಾಸ್‌ಪೋರ್ಟಲ್ಲಿ ಇದೆ ನೋಡಿ, ಗಂಡನ ಹೆಸರು."

"ಇದೆ, ಅದಕ್ಕೇ ಹೇಳ್ತಿರೋದು. ಮೈದುನನಿಂದ ಒಂದು ಒಪ್ಪಿಗೆ ಪತ್ರ ತನ್ನಿ. ನಮ್ಮ ಅತ್ತಿಗೆ ಹೌದು, ಇವರು ಮತ್ತೆ ಮದುವೆ ಆಗೋದಕ್ಕೆ ನಮ್ಮ ಮನೆತನದ ಅಭ್ಯಂತರ ಇಲ್ಲ ಅಂತ. ನಿಯಮ ಇದೆ. ಮುಂದಿನವರು ಬನ್ನಿ."

ಅವಳು ಬಗ್ಗಿದ ಸೊಂಟವನ್ನು ಎತ್ತುವಷ್ಟರಲ್ಲಿ ಹಿಂದಿನವರು ಅವಳನ್ನು ಪಕ್ಕಕ್ಕೆ ತಳ್ಳಿಯಾಗಿತ್ತು.

ಅವಳನ್ನು ಎಲ್ಲರೂ ಅತ್ತಿಗೆ ಎಂದೇ ಕರೆಯುತ್ತಿದ್ದರು. ಗಂಡ ಕಟ್ಟಡ ಕೆಲಸದಲ್ಲಿ ಮೇಸ್ತ್ರಿ. ಕೂಲಿಗಳಿಗೆಲ್ಲ ಅಣ್ಣ. ಹಾಗಾಗಿ ಅವಳು ಅವರೆಲ್ಲರಿಗೂ ಅತ್ತಿಗೆ. ನೂರು ಜನರಿಗೆ ಅತ್ತಿಗೆ, ಕಾಗದದಲ್ಲಿ ಯಾರಿಗೂ ಹೆಂಡತಿಯಲ್ಲ.

ನಾಲ್ಕು ವರ್ಷದ ಹಿಂದೆ ಹನ್ನೊಂದನೇ ಮಹಡಿಯ ಸಾರುವೆಯ ಹಲಗೆ ಕಳಚಿತು. ಅದರ ಮೇಲೆ ನಿಂತಿದ್ದ ಅಣ್ಣ ಕೆಳಗೆ ಬಿದ್ದ. ಅವಳು ಆಗ ಅದೇ ಊರಿನ ಆಸ್ಪತ್ರೆಯ ಲಾಂಡ್ರಿಯಲ್ಲಿ ಶೀಟು ಒಗೆಯುತ್ತಿದ್ದಳು. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಕಂಪನಿಯ ಮ್ಯಾನೇಜರ್ ಅವಳಿಗೆ ಹೇಳಿ ಕಳಿಸಲಿಲ್ಲ. "ಹೆಂಗಸು ಬಂದ್ರೆ ಗೋಳಾಡ್ತಾಳೆ. ಹೇಗೆ ಬಿದ್ದ, ಹಲಗೆ ಯಾಕೆ ಕಳಚಿತು ಅಂತ ಕೇಳ್ತಾಳೆ. ಗಂಡಸರ ಸಹಿ ತರಿಸಿ" ಅಂದನಂತೆ. ಏಳು ಸಮುದ್ರದಾಚೆಯಿಂದ ತಮ್ಮನ ಸಹಿ ಎರಡೇ ದಿನದಲ್ಲಿ ಬಂತು. ಹೆಂಡತಿ ಇದ್ದಾಳೆ ಎಂದು ಬರೆದರೆ ಅವಳ ಸಹಿಯೂ ಬೇಕಾಗುತ್ತದೆ ಎಂದು ಆ ಕಾಲಂನಲ್ಲಿ ಒಂದು ಅಡ್ಡಗೆರೆ ಎಳೆದರು. ಹೆಣ ಪೆಟ್ಟಿಗೆಯಲ್ಲಿ ಊರಿಗೆ ಹೋಯಿತು. ಕಂಪನಿ ಕೊಟ್ಟ ಪರಿಹಾರದ ಹಣ ತಮ್ಮನ ಕೈ ಸೇರಿತು. ಅದನ್ನು ಅವಳು ಆಗಲೇ ಉಗಿದು ಬಿಟ್ಟಿದ್ದಳು.

ಉಗಿಯಲಾಗದ್ದು ಬೇರೆ ಇತ್ತು. ಹೆಣ ಇಟ್ಟಿದ್ದು ಅವಳು ಕೆಲಸ ಮಾಡುವ ಆಸ್ಪತ್ರೆಯ ಶವಾಗಾರದಲ್ಲೇ. ಸುದ್ದಿ ಸಿಕ್ಕಿ ಅವಳು ಓಡಿದಾಗ ಬಾಗಿಲಲ್ಲಿದ್ದ ಕಾವಲುಗಾರ ಪಟ್ಟಿ ನೋಡಿ, "ಸಂಬಂಧಿಕರಲ್ಲಿ ನಿನ್ನ ಹೆಸರಿಲ್ಲ" ಎಂದು ಹೊರಗೆ ನಿಲ್ಲಿಸಿದ. ಮೂರನೇ ದಿನ ಶವಾಗಾರದ ಬಟ್ಟೆಯ ಚೀಲ ಎಂದಿನಂತೆ ಲಾಂಡ್ರಿಗೆ ಬಂತು. ಒಳಗೆ ಒಂಬತ್ತು ಶೀಟು. ಅವುಗಳಲ್ಲಿ ಒಂದನ್ನು ಅವನಿಗೆ ಹೊದಿಸಿದ್ದರು. ಯಾವುದೆಂದು ಬಟ್ಟೆ ಹೇಳಲಿಲ್ಲ. ಒಂಬತ್ತನ್ನೂ ಯಂತ್ರಕ್ಕೆ ಹಾಕದೆ ಕಲ್ಲುತೊಟ್ಟಿಯಲ್ಲಿ ನೆನೆಸಿ ಕೈಯಲ್ಲೇ ಒಗೆದಳು. ಅವಳು ಗಂಡನಿಗೆ ಮಾಡಿದ ಕೊನೆಯ ಸ್ನಾನ ಅದು.

ಆಸ್ಪತ್ರೆಯ ದಾಖಲೆ ಕೋಣೆಯ ಹೆಂಗಸೊಬ್ಬಳು ಮರುಗಿ ಮರಣ ಪತ್ರದ ಪ್ರತಿ ತೆಗೆದುಕೊಟ್ಟಿದ್ದಳು. ಅವನು ಸತ್ತಿದ್ದಕ್ಕೆ ಅವಳ ಹತ್ತಿರ ಇದ್ದ ಸಾಕ್ಷಿ ಅದೊಂದೇ.

ಈಗ ಮೈದುನನ ಒಪ್ಪಿಗೆ.

ಅವಳು ಮದುವೆಯಾಗಿ ಆ ಮನೆಗೆ ಕಾಲಿಟ್ಟಾಗ ಮೈದುನನಿಗೆ ಆರು ವರ್ಷ. ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಮೂಗು ಒರೆಸಿದವಳು, ಹೇನು ಹೆಕ್ಕಿದವಳು, ಜ್ವರ ಬಂದಾಗ ತೊಡೆಯ ಮೇಲೆ ಹಾಕಿಕೊಂಡು ರಾತ್ರಿ ಬೆಳಗು ಮಾಡಿದವಳು ಇವಳು. ಅವನು ಮದುವೆಯಾದಾಗ ಯಾವ ಸರ್ಕಾರವೂ ಇವಳ ಒಪ್ಪಿಗೆ ಕೇಳಲಿಲ್ಲ.

"ಒಂದು ಸಹಿ ತಾನೇ ಇವ್ರೇ. ಕೇಳಿದ್ರೆ ನಮ್ಮ ಗಂಟೇನು ಹೋಗುತ್ತೆ?" ಅಂದ ಮೆಕ್ಯಾನಿಕ್, ಬಸ್ ನಿಲ್ದಾಣದಲ್ಲಿ.

ಅವಳನ್ನು ಅತ್ತಿಗೆ ಎಂದು ಕರೆಯದ ಒಬ್ಬನೇ ಒಬ್ಬ ಅವನು. ಮೊದಲಿಂದಲೂ 'ಇವ್ರೇ' ಅನ್ನುತ್ತಿದ್ದ. ಆಸ್ಪತ್ರೆಯ ವಾರ್ಡುಗಳಿಂದ ಬಟ್ಟೆ ಇಳಿಸುವ ಲಿಫ್ಟು ಕೆಟ್ಟಾಗ ಅದನ್ನು ರಿಪೇರಿ ಮಾಡಲು ಬಂದವನು. ಲಿಫ್ಟು ನಿಂತರೆ ಹೆಂಗಸರು ಒದ್ದೆ ಗಂಟುಗಳನ್ನು ಬೆನ್ನ ಮೇಲೆ ಹೊತ್ತು ಐದು ಮಹಡಿ ಇಳಿಯಬೇಕಿತ್ತು. ಅದನ್ನು ನೋಡಿದವನು ಬಿಡಿಭಾಗ ಬರುವ ತನಕ ಎಂಟು ದಿನ ತಾನೂ ಗಂಟು ಹೊತ್ತ. ಯಾರೂ ಹೇಳಿರಲಿಲ್ಲ. ಆಮೇಲೆ ಲಿಫ್ಟು ಸರಿಯಾದರೂ ಅವನು ಬರುವುದು ನಿಲ್ಲಿಸಲಿಲ್ಲ. ಹೆಂಗಸರು ಚುಡಾಯಿಸಿದರೆ, "ಹಳೇ ಲಿಫ್ಟು, ನೋಡ್ಕೊಳ್ತಾ ಇರಬೇಕು" ಅನ್ನುತ್ತಿದ್ದ. ಒಳ್ಳೆಯವನು. ಆದರೆ ಒಳ್ಳೆಯ ಗಂಡಸರಿಗೂ ಕೆಲವು ಮೆಟ್ಟಿಲು ಕಾಣುವುದಿಲ್ಲ, ಅವರು ಎಂದೂ ಹತ್ತಿಲ್ಲದ ಕಾರಣ.

ಅವನ ಗುತ್ತಿಗೆ ಇನ್ನು ಮೂರು ತಿಂಗಳಲ್ಲಿ ಮುಗಿಯುತ್ತಿತ್ತು. ಆಮೇಲೆ ಕಂಪನಿ ಅವನನ್ನು ಇನ್ನೊಂದು ದೇಶಕ್ಕೆ ಕಳಿಸುತ್ತದೆ. ಹೆಂಡತಿಯಾದರೆ ಅವಳೂ ಜೊತೆಗೆ ಹೋಗಬಹುದು. ಮದುವೆ ನೋಂದಣಿಗೆ ಅದೇ ತಿಂಗಳ ಹದಿನೆಂಟನೇ ತಾರೀಕು ಸಿಕ್ಕಿತ್ತು. ಅದು ತಪ್ಪಿದರೆ ಮುಂದಿನ ತಾರೀಕು ಐದು ತಿಂಗಳಾಚೆ. ಆ ಒಂದು ಕಾಗದ ಸಿಗದಿದ್ದರೆ ಅವನು ಒಂದು ದಿಕ್ಕು, ಇವಳು ಒಂದು ದಿಕ್ಕು.

ಅದಕ್ಕೇ ಅವಳು ಹಲ್ಲು ಕಚ್ಚಿ ಮೈದುನನಿಗೆ ಫೋನು ಮಾಡಿದಳು.

"ಏನತ್ತಿಗೆ, ಈ ವಯಸ್ಸಲ್ಲಿ ಇದೇನು?" ಅಂದ ಮೈದುನ. ಗಂಟಲಿಗೆ ಯಜಮಾನಿಕೆ ಬಂದಿತ್ತು. "ಅಣ್ಣನ ಮುಖ ನೋಡಾದ್ರೂ ಸುಮ್ನಿರಬಾರದಾ?"

"ನಿಮ್ಮಣ್ಣನ ಮುಖ ನೋಡೋಕೆ ನನ್ನ ಬಿಟ್ಟಿದ್ರಾ ನೀವು?"

"ಹಳೇದೆಲ್ಲ ಈಗ್ಯಾಕೆ? ಮನೆತನದ ಮಾನದ ಪ್ರಶ್ನೆ. ಫೋನಲ್ಲೆಲ್ಲ ಆಗಲ್ಲ. ನೀನೇ ಇಲ್ಲಿಗೆ ಬಾ. ಹಿರಿಯರ ಮುಂದೆ ಕೂತು, ತಪ್ಪಾಯ್ತು ಅಂತ ಕೇಳ್ಕೋ. ಆಮೇಲೆ ಯೋಚನೆ ಮಾಡೋಣ."

"ಯಾವ ತಪ್ಪು?"

"ಅದನ್ನ ನಾನು ಬೇರೆ ಹೇಳಬೇಕಾ?"

"ನಿನ್ನ ಮೂಗು ಒರೆಸಿದ್ದು ತಪ್ಪು. ಸೋರಲಿ ಅಂತ ಬಿಡಬೇಕಿತ್ತು" ಎಂದು ಅವಳು ಫೋನು ಇಟ್ಟಳು.

ಮಾರನೇ ದಿನ ಬೆಳಗಿನ ಪಾಳಿ. ಲಾಂಡ್ರಿಯಲ್ಲಿ ಇಪ್ಪತ್ತು ಯಂತ್ರಗಳ ಆರ್ಭಟ. ಉಗಿಯಲ್ಲಿ ಎದುರಿಗಿದ್ದವರ ಮುಖ ಕಾಣದು. ಮೊದಲ ಕೆಲಸ ಚೀಲ ಬಿಚ್ಚಿ ವಿಂಗಡಿಸುವುದು: ರಕ್ತದ್ದು ಬೇರೆ, ಮಲದ್ದು ಬೇರೆ, ಕೀವಿನದು ಬೇರೆ. ಗ್ಲೌಸಿನ ಒಳಗೂ ಬ್ಲೀಚು ಇಳಿದು ಬೆರಳಿನ ಸಂದು ಬಿರಿದಿರುತ್ತದೆ. ಆಮೇಲೆ ಬಿಸಿ ರೋಲರಿಗೆ ಶೀಟು ಕೊಡುವುದು. ಅವಳ ಎರಡೂ ಮುಂಗೈಗಳ ಮೇಲೆ ರೋಲರು ಬಿಟ್ಟ ಕಂದು ಗೆರೆಗಳಿದ್ದವು. ಹೊರಬಂದ ಶೀಟನ್ನು ಇಬ್ಬರು ಎರಡು ತುದಿ ಹಿಡಿದು ಮಡಿಸಬೇಕು. ಅವಳ ಎದುರು ತುದಿ ಹಿಡಿಯುವವಳಿಗೆ ಜೋಡಿ ಅಕ್ಕ ಎಂದೇ ಹೆಸರು. ಹತ್ತು ವರ್ಷದಿಂದ ಇಬ್ಬರೂ ಒಂದೇ ಶೀಟಿನ ಎರಡು ತುದಿ.

"ಏನಂತೆ ಸೀಲಪ್ಪನ ವೇದವಾಕ್ಯ?" ಎಂದಳು ಜೋಡಿ ಅಕ್ಕ, ಶೀಟು ಎಳೆದು ಕೊಡವಿ.

ಅವಳು ಹೇಳಿದಳು.

"ದೇವರು ವರ ಕೊಟ್ರೂ ಪೂಜಾರಿ ಕೊಡಲ್ಲ ಅಂತಾರಲ್ಲ, ಹಾಗಾಯ್ತು. ಹೆಣ ಕೊಡೋವಾಗ ನೀನು ಆ ಮನೆಯವಳಲ್ಲ. ಮದುವೆ ಅಂದ ತಕ್ಷಣ ಆ ಮನೆಯವಳು! ಚೆನ್ನಾಗಿದೆ ಕಣೇ ಇವರ ಲೆಕ್ಕ."

ಅಷ್ಟರಲ್ಲಿ ವಾರ್ಡಿನ ಆಳೊಬ್ಬ ಟ್ರಾಲಿ ತಳ್ಳಿಕೊಂಡು ಬಂದ. ಅದರ ತುಂಬ ಮಡಿಸಿದ ಶೀಟು. "ಬೆಳ್ಳಗಿಲ್ಲ, ಮತ್ತೆ ಒಗೀಬೇಕಂತೆ. ಸಿಸ್ಟರ್ ಹೇಳಿದ್ರು."

"ವಾಪಸ್ ಚೀಟಿ ಎಲ್ಲಿ?" ಎಂದಳು ಅವಳು, ತಲೆ ಎತ್ತದೆ.

"ಚೀಟಿ ಕೊಟ್ಟಿಲ್ಲ. ಬಾಯಲ್ಲೇ ಹೇಳಿದ್ರು."

"ಹಾಗಾದ್ರೆ ತಗೊಂಡು ಹೋಗು. ಯಾವ ಶೀಟು, ಏನು ಕಲೆ, ಯಾರು ನೋಡಿದ್ದು ಅಂತ ಬರೆದು ಸಹಿ ಹಾಕಿಸ್ಕೊಂಡು ಬಾ."

ಆಳು ಟ್ರಾಲಿ ತಿರುಗಿಸಿದ. ಮತ್ತೆ ಬರಲಿಲ್ಲ. ಯಾವತ್ತೂ ಬರುವುದಿಲ್ಲ. ಬಾಯಲ್ಲಿ ಸಾವಿರ ಕಲೆ ಹೇಳುವವರು ಸಹಿ ಹಾಕು ಅಂದರೆ ಒಂದು ಕಲೆಯನ್ನೂ ತೋರಿಸರು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರಿಗೆ ಅವಳೇ ಇದನ್ನು ಕಲಿಸುತ್ತಿದ್ದಳು: ಎರಡನೇ ಸಲ ಒಗೆಯೋದು ನಿನ್ನ ಬೆನ್ನು, ಅವರ ನಾಲಿಗೆಯಲ್ಲ. ಬರೆದುಕೊಡಿ ಅನ್ನು.

ಅವಳ ಕೈ ನಿಂತಿತು. ಶೀಟು ಜೋತುಬಿತ್ತು.

"ಏನಾಯ್ತೇ?" ಎಂದಳು ಜೋಡಿ ಅಕ್ಕ.

"ನಾನೊಬ್ಬಳು ಪೆದ್ದಿ ಅಕ್ಕ. ಇಲ್ಲಿ ದಿನಾ ಮಾಡೋದನ್ನ ಅಲ್ಲಿ ಮರೆತು ಬಂದೆ."

ಹದಿನಾರನೇ ತಾರೀಕು ಅವಳು ಮತ್ತೆ ನಾಲ್ಕನೇ ಕಿಟಕಿಯ ಮುಂದೆ ನಿಂತಳು. ಪಕ್ಕದಲ್ಲಿ ಉಪಕರಣದ ಚೀಲ ಹಿಡಿದು ಮೆಕ್ಯಾನಿಕ್. ಅಂದು ಬೆಳಿಗ್ಗೆ ಅವಳು ಅವನಿಗೆ ಒಂದೇ ಮಾತು ಹೇಳಿದ್ದಳು: "ನಿಮ್ಮನ್ನ ಕೇಳದೇ ಇದ್ದದ್ದನ್ನ ನನ್ನ ಕೇಳಿದ್ರು. ಅದು ನಿಮಗೆ ಸಣ್ಣದಾಗಿ ಕಂಡ್ರೆ ಈ ಮದುವೆ ಬೇಡ." ಅವನು ಬಸ್ಸಿನಲ್ಲಿ ದಾರಿಯುದ್ದಕ್ಕೂ ತನ್ನ ಕೈಗಳನ್ನೇ ನೋಡುತ್ತ ಕೂತಿದ್ದ.

"ಮೈದುನನ ಪತ್ರ ತಂದ್ರಾ?" ಅಂದ ಸೀಲಪ್ಪ.

"ಇಲ್ಲ."

"ಕೇಳಲ್ಲ. ಬಗ್ಗಿ ಮಾತಾಡಿ."

"ನನಗೆ ಸೊಂಟ ನೋಯುತ್ತೆ. ನೀವು ಎದ್ದು ನಿಂತ್ಕೊಳ್ಳಿ."

ಇಪ್ಪತ್ತು ಯಂತ್ರಗಳ ಸದ್ದಿನ ಮೇಲೆ ಮಾತಾಡಿ ಪಳಗಿದ ಗಂಟಲು ಅದು. ಗಾಜಿಗೆ ತೂತೇ ಬೇಕಾಗಲಿಲ್ಲ. ಇಡೀ ಸಾಲು ತಿರುಗಿ ನೋಡಿತು. ಸೀಲಪ್ಪ ತಾನೇನು ಮಾಡುತ್ತಿದ್ದೇನೆಂದು ತಿಳಿಯುವ ಮುನ್ನ ಅರ್ಧ ಎದ್ದಿದ್ದ. ಆಮೇಲೆ ಕೂರುವುದೋ ನಿಲ್ಲುವುದೋ ತಿಳಿಯದೆ ಹಾಗೇ ಉಳಿದ.

"ಪತ್ರ ತಂದಿಲ್ಲ. ಪತ್ರ ಇಲ್ಲದೆ ಸರ್ಟಿಫಿಕೇಟು ಕೊಡಲ್ಲ ಅಂದ್ರಲ್ಲ, ಅದನ್ನ ಬರೆದುಕೊಡಿ. ಸಹಿ ಹಾಕಿ, ಸೀಲು ಒತ್ತಿ. ತಗೊಂಡು ಹೋಗ್ತೀನಿ."

"ಹಾಗೆಲ್ಲ ಬರೆದುಕೊಡೋಕೆ ಬರಲ್ಲಮ್ಮ."

"ಯಾಕೆ? ನಿಯಮ ಅಂದ್ರಲ್ಲ."

"ನಿಯಮ ಅಂದ್ರೆ... ಪದ್ಧತಿ."

"ಪದ್ಧತಿ ಅಂತಾನೇ ಬರೀರಿ. ಮೂಗು ಸೋರಿಸ್ಕೊಂಡು ಓಡಾಡ್ತಿದ್ದ ಮೈದುನ ಹೂಂ ಅನ್ನೋ ತನಕ ಈ ಹೆಂಗಸು ಮದುವೆ ಆಗೋ ಹಾಗಿಲ್ಲ ಅಂತ ಬರೀರಿ."

"ನೋಡಮ್ಮ, ಮರ್ಯಾದೆಯಿಂದ ಮಾತಾಡು. ನಿನ್ನ ಒಳ್ಳೇದಕ್ಕೇ ಹೇಳಿದ್ದು. ನಾಳೆ ಆ ಮನೆಯವರು ತಕರಾರು ತೆಗೆದ್ರೆ?"

"ಯಾವ ಮನೆಯವರು? ನಿಮ್ಮ ಫೈಲಲ್ಲಿ ನಾನು ಆ ಮನೆಗೆ ಸೇರಿದೋಳೇ ಅಲ್ವಲ್ಲ! ಹೆಂಡತಿ ಅಲ್ಲ ಅಂದ್ರೆ ಅವನ ಒಪ್ಪಿಗೆ ಯಾಕೆ? ಹೆಂಡತಿ ಅಂದ್ರೆ ಅವತ್ತು ಹೆಣ ನನಗೆ ಯಾಕೆ ತೋರಿಸ್ಲಿಲ್ಲ? ಎರಡರಲ್ಲಿ ಒಂದು ಬರೀರಿ. ಯಾವುದಾದ್ರೂ ಸರಿ. ನನಗೆ ಬರವಣಿಗೆಯಲ್ಲಿ ಬೇಕು."

ಸೀಲಪ್ಪ ಪೆನ್ನನ್ನು ಮೇಜಿನ ಖಾನೆಗೆ ಹಾಕಿಬಿಟ್ಟ, ಯಾರೋ ಕಸಿದುಕೊಳ್ಳುತ್ತಾರೆ ಅನ್ನುವಂತೆ. "ಮುಂದಿನವರು ಬನ್ನಿ" ಎಂದು ಕೂಗಿದ.

ಮುಂದಿನವನು ಮೆಕ್ಯಾನಿಕ್. ಅವನು ಚೀಲ ಕೆಳಗಿಟ್ಟ. ಪ್ಲಾಸ್ಟಿಕ್ ಕವರಿನಿಂದ ತನ್ನ ಸರ್ಟಿಫಿಕೇಟನ್ನು ಹುಷಾರಾಗಿ ತೆಗೆದು ತೂತಿನೊಳಗೆ ತಳ್ಳಿದ.

"ಇದನ್ನ ವಾಪಸ್ ತಗೊಳ್ಳಿ ಸಾರ್. ತಪ್ಪಾಗಿ ಕೊಟ್ಟುಬಿಟ್ಟಿದ್ದೀರಿ."

"ತಪ್ಪಾಗಿ? ಏನು ತಪ್ಪು?"

"ತೀರ್ಕೊಂಡ ನನ್ನ ಹೆಂಡ್ತಿಗೆ ತಮ್ಮ ಇದ್ದಾನೆ. ನನ್ನ ಬಾಮೈದ. ಬಸ್ ಕಂಡಕ್ಟರು. ಅವನ ಒಪ್ಪಿಗೆ ನಾನು ತಂದಿಲ್ಲ."

ಸಾಲಿನಲ್ಲಿ ನಗು ಎದ್ದಿತು. ಈ ಸಲದ ನಗು ಅವಳ ಕಡೆಗಿರಲಿಲ್ಲ.

"ನಿಮಗೆ ಅದೆಲ್ಲ ಬೇಡ ಸಾರ್" ಅಂದ ಸೀಲಪ್ಪ, ಬೆವರುತ್ತ.

"ಯಾಕೆ ಬೇಡ? ಅದನ್ನೂ ಬರೆದುಕೊಡಿ." ಮೆಕ್ಯಾನಿಕ್ ಅವಳ ಪಕ್ಕಕ್ಕೆ ಸರಿದು ನಿಂತ. ಅವನು ಜಗಳ ಆಡಿ ಅಭ್ಯಾಸವಿಲ್ಲದ ಮನುಷ್ಯ. "ಇವರಿಗೆ ಕೊಡೋ ತನಕ ನನಗೂ ಬೇಡ. ರದ್ದು ಮಾಡಿ."

ಅವಳು ಅವನನ್ನು ನೋಡಲಿಲ್ಲ. ನೋಡಿದ್ದರೆ ಅಳು ಬರುತ್ತಿತ್ತು. ಅಲ್ಲಿ ಅಳಲು ಅವಳಿಗೆ ಇಷ್ಟವಿರಲಿಲ್ಲ.

ಸಾಲಿನಿಂದ ಒಬ್ಬ ನರ್ಸು ಮುಂದೆ ಬಂದಳು. "ನನ್ನ ಪಾಸ್‌ಪೋರ್ಟ್ ನವೀಕರಣಕ್ಕೆ ಹೋದ ವಾರ ಅಪ್ಪನ ಕಾಗದ ತಾ ಅಂದ್ರಿ. ನನಗೆ ಮೂವತ್ತೆಂಟು ವರ್ಷ. ಅದನ್ನೂ ಬರೆದುಕೊಡಿ." ಅವಳ ಹಿಂದೆ ಇನ್ನೊಬ್ಬಳು. "ನನ್ನ ಮಗಳ ಅರ್ಜಿಗೆ ಗಂಡನೇ ಬಂದು ನಿಲ್ಲಬೇಕು ಅಂದ್ರಲ್ಲ. ನನಗೂ ಬರೆದುಕೊಡಿ." ಸಾಲು ಸಾಲಾಗಿ ಉಳಿಯಲಿಲ್ಲ. ನಾಲ್ಕನೇ ಕಿಟಕಿಯ ಗಾಜಿನ ತುಂಬ ಕೈಗಳು, ಕೈಗಳಲ್ಲಿ ಅರ್ಜಿಗಳು.

ಒಳಬಾಗಿಲು ತೆರೆದು ದೊಡ್ಡ ಸಾಹೇಬ ಹೊರಬಂದ. ಏನು ಅನ್ಯಾಯವಾಗಿದೆ ಎಂದು ಕೇಳಲು ಬಂದವನಲ್ಲ. ಏನು ಗದ್ದಲ ಎಂದು ಕೇಳಲು ಬಂದವನು. ಗೋಡೆಯ ಮೇಲೆ ಚೌಕಟ್ಟು ಹಾಕಿಸಿ ನೇತುಹಾಕಿದ್ದ ನಿಯಮದ ಪಟ್ಟಿಯನ್ನು ಬಹುಶಃ ಮೊದಲ ಸಲ ಓದಿದ. ಮೂರೇ ಕಾಗದದ ಹೆಸರಿತ್ತು.

"ಈ ಮೈದುನನ ಪತ್ರ ಎಲ್ಲಿದೆ ಇದರಲ್ಲಿ?"

"ಮೊದಲಿಂದ ಹಾಗೇ ಮಾಡ್ಕೊಂಡು ಬಂದಿದೀವಿ ಸಾರ್."

"ಕೊಟ್ಟು ಕಳಿಸ್ರೀ ಬೇಗ. ಹೊರಗಡೆ ತನಕ ಕೇಳಿಸ್ತಿದೆ." ಸಾಹೇಬ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ನ್ಯಾಯ ಅಷ್ಟೇ ಹೊತ್ತು ಹೊರಗಿತ್ತು.

ಸೀಲಪ್ಪ ಅವಳ ಮೂರೂ ಕಾಗದ ಇಸಿದುಕೊಂಡು ಖಾನೆಯಿಂದ ಪೆನ್ನು ತೆಗೆದ. ಧಪ್ ಎಂದಿತು ಸೀಲು. ಎರಡು ಸರ್ಟಿಫಿಕೇಟೂ ತೂತಿನಿಂದ ಹೊರಬಂದವು. ಅವಳು ತನ್ನದನ್ನು ಬೆಳಕಿಗೆ ಹಿಡಿದು, ಒಗೆದ ಶೀಟಿನಂತೆ ಎರಡೂ ಮಗ್ಗುಲು ನೋಡಿದಳು. ಹದಿನೆಂಟನೇ ತಾರೀಕು ಅವಳ ಕೈಯಲ್ಲಿತ್ತು.

"ತಲುಪಿದೆ ಅಂತ ಇಲ್ಲಿ ಸಹಿ ಹಾಕಿ" ಎಂದು ಅವನು ಗಾಜಿನಡಿಯ ಸಂದಿನಿಂದ ರಿಜಿಸ್ಟರು ತಳ್ಳಿದ.

ಅವಳು ಪೆನ್ನು ಮುಟ್ಟಲಿಲ್ಲ. "ಆ ಹಳೇ ಫೈಲು ತೆಗೀರಿ."

"ಯಾಕೆ? ನಿಮ್ಮ ಕೆಲಸ ಆಯ್ತಲ್ಲಮ್ಮ."

"ನನ್ನದು ಆಯ್ತು. ಅವರದು ಆಗಿಲ್ಲ. ಇಪ್ಪತ್ತನಾಲ್ಕು ವರ್ಷ ನನ್ನ ಜೊತೆ ಬಾಳಿದ ಮನುಷ್ಯ ಹೆಂಡ್ತಿ ಇಲ್ಲದ ಅನಾಥನ ಹಾಗೆ ನಿಮ್ಮ ಕಪಾಟಲ್ಲಿ ಬಿದ್ದಿದ್ದಾರೆ. ಆ ಅಡ್ಡಗೆರೆ ಹೊಡೆದು ಹಾಕಿ. ಪಾಸ್‌ಪೋರ್ಟು ನಿಮ್ಮ ಮುಂದೇನೇ ಇದೆ, ನೋಡ್ಕೊಂಡು ಬರೀರಿ."

ಮೆಕ್ಯಾನಿಕ್ ಚೀಲವನ್ನು ಗೋಡೆಗೆ ಒರಗಿಸಿ ಅದರ ಮೇಲೆ ಕೂತ. "ನಾವು ಕಾಯ್ತೀವಿ ಸಾರ್" ಅಂದ.

ಸೀಲಪ್ಪ ಮುಚ್ಚಿದ ಒಳಬಾಗಿಲು ನೋಡಿದ. ಗಾಜಿನ ಮೇಲಿನ ಕೈಗಳನ್ನು ನೋಡಿದ. ಕಪಾಟಿನಿಂದ ಫೈಲು ತಂದು ನಿಂತೇ ಬಿಚ್ಚಿದ. ನಾಲ್ಕು ವರ್ಷದ ಹಿಂದೆ ಒಂದು ಕ್ಷಣದಲ್ಲಿ ಎಳೆದ ಗೆರೆಯನ್ನು ಹೊಡೆದು, ಮೇಲೆ ಬರೆದು, ತಾರೀಕು ಹಾಕಿ, ಸಹಿ ಮಾಡಲು ಅವನಿಗೆ ಐದು ನಿಮಿಷ ಹಿಡಿಯಿತು. ಅವಳು ಕಣ್ಣು ಕೀಳದೆ ನೋಡಿದಳು.

"ಓದಿ ಹೇಳಿ."

ಸೀಲಪ್ಪ ಗೊಣಗಿದ. "ಹೆಂಡತಿ... ಇದ್ದಾರೆ."

"ಕೇಳಲ್ಲ," ಎಂದಳು ಅವಳು. "ಜೋರಾಗಿ ಹೇಳಿ."

ಅವಳು ನೆಟ್ಟಗೆ ನಿಂತೇ ಇದ್ದಳು. ಸೀಲಪ್ಪ ಸೊಂಟ ಬಗ್ಗಿಸಿ, ತೂತಿಗೆ ಬಾಯಿಟ್ಟು, ಎಲ್ಲರಿಗೂ ಕೇಳುವಂತೆ ಕೂಗಿದ.

"ಹೆಂಡತಿ ಇದ್ದಾರೆ!"

ಅವಳು ಪೆನ್ನು ತೆಗೆದುಕೊಂಡು ಸಹಿ ಹಾಕಿದಳು.